ಗೇಟಿನವರೆಗಿನ ಜಾಡು

ತೀರ್ಪುಗಾರರಿಗೆ, ಅಂದರೆ ಅಪ್ಪನಿಗೆ,

ನಿನ್ನೆಯ ಜಾಡು ಹಿಡಿಯುವ ಸ್ಪರ್ಧೆಯಲ್ಲಿ ನನ್ನ ನಾಯಿ ಸೋತಿತೆಂಬ ನಿಮ್ಮ ತೀರ್ಪನ್ನು ನಾನು ಒಪ್ಪುವುದಿಲ್ಲ.

ಬೆಳಗ್ಗೆ ಮೈದಾನದಲ್ಲಿ ನಡೆದು ಜಾಡು ಬಿಟ್ಟವರು ನೀವೇ. ನಿಮ್ಮ ಹೆಜ್ಜೆಯ ವಾಸನೆ ಹಿಡಿದ ನಾಯಿ, ನೀವು ತೋರಿಸಿದ ಜಾಡಿನಂತೆ ಬೇಲಿಯ ಹತ್ತಿರ ಬಲಕ್ಕೆ ತಿರುಗಲಿಲ್ಲ. ನೆಟ್ಟಗೆ ರಸ್ತೆ ದಾಟಿ, ನನ್ನ ಮನೆಯ ಗೇಟಿನ ಮುಂದೆ ಮಲಗಿತು. ನೀವು ಬೇಲಿಯ ಬಳಿಯೇ ನಿಂತು, "ನೋಡ್ರಪ್ಪಾ, ತಿಂಡಿ ಕೊಟ್ಟು ಮುದ್ದು ಮಾಡಿ ಕಲಿಸಿದ್ರೆ ಹೀಗೇ! ಮನೆ ನೆನಪಾಯ್ತು, ಓಡ್ತು" ಎಂದಿರಿ. ಎಲ್ಲರೂ ನಕ್ಕರು.

ಕಲಿಸಲೆಂದು ನಿಮ್ಮ ಹಾಗೆ ನಾಯಿಯ ಕತ್ತಿಗೆ ಚುಚ್ಚುವ ಮುಳ್ಳಿನ ಪಟ್ಟಿ ಹಾಕಲಾರೆ ಎಂದದ್ದಕ್ಕೇ ನೀವು ನನ್ನ ಜೊತೆ ಮಾತು ಬಿಟ್ಟದ್ದು. ಈಗಲೂ ಹಾಕುವುದಿಲ್ಲ.

ಆದರೆ ನನ್ನ ನಾಯಿ ಸುಮ್ಮಸುಮ್ಮನೆ ಮಲಗುವುದಿಲ್ಲ. ಜಾಡು ಬಿಟ್ಟವರ ವಸ್ತು ಸಿಕ್ಕಿದರೆ ಮಾತ್ರ ಮಲಗುತ್ತದೆ. ಅದರ ಮುಂಗಾಲುಗಳ ನಡುವೆ ನಿಮ್ಮ ಬಲಗೈಯ ಗವಸು ಬಿದ್ದಿತ್ತು. ಬೆಲ್ ಒತ್ತಲೆಂದು ಕಳಚಿದ್ದಿರಿ, ಅಲ್ಲವೇ? ಆಗ ನಾನು ಮನೆಯಲ್ಲೇ ಇದ್ದೆ; ಬೆಲ್ ಮಾತ್ರ ನನಗೆ ಕೇಳಿಸಲಿಲ್ಲ. ನಾಲ್ಕು ಜನರ ಮುಂದೆ ನಿಮ್ಮ ಮಾನ ಹೋಗಬಾರದೆಂದು ಗವಸನ್ನು ಜೇಬಿಗೆ ಹಾಕಿಕೊಂಡೆ.

ತೀರ್ಪು ತಿದ್ದಿ. ಗವಸು ಬೇಕಿದ್ದರೆ ನೀವೇ ಬನ್ನಿ. ಈ ಸಲವೂ ಬೆಲ್ ಒತ್ತದೆ ಹೋದರೆ, ನಾಯಿಯನ್ನು ಹಿಡಿದುಕೊಂಡು ನಿಮ್ಮ ಜಾಡಿನಲ್ಲೇ ನಿಮ್ಮ ಬಾಗಿಲಿಗೆ ಬರುತ್ತೇನೆ.

ನಿಮ್ಮಷ್ಟೇ ಹಟದ,
ಮಗಳು