ನೂರಹನ್ನೆರಡು ಹೆಸರು

4 ಆಗಸ್ಟ್ 1998, ಮಂಗಳವಾರ
ಪತ್ರಿಕೆ ಕೆಲಸ ನಾಲ್ಕಕ್ಕೆ ಮುಗಿಯಿತು. ಆಮೇಲೆ ಕರಡು ತಿದ್ದಲು ಪ್ರೆಸ್ಸಿಗೆ. ಖಲಂದರ್ ಸಾಬರ ಪುಸ್ತಕದ ಪ್ರೂಫ್, ಮೂವತ್ತು ಪುಟ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಅಚ್ಚು ಕಟ್ಟುವ ಮೋಲ್ಡರ್ ಆಗಿದ್ದವರು. ಹಳೆಯ ಪಾರಸಿ ಪದ್ಯಗಳೊಳಗಿನ ಗಾದೆಗಳನ್ನು ಆರಿಸಿ, ಒಂದೊಂದಕ್ಕೂ ಕನ್ನಡದ ಜೋಡಿ ಕೊಟ್ಟಿದ್ದಾರೆ. ಹುಡುಕಿದ್ದು ಗ್ರಂಥಗಳಲ್ಲಲ್ಲ, ಶಿಫ್ಟಿನಲ್ಲಿ ಜೊತೆಗಿದ್ದವರನ್ನು ಕೇಳಿ. ‘ನಗಾರಿ ಸದ್ದು ದೂರದಿಂದಲೇ ಇಂಪು’ — ಎದುರಿಗೆ ‘ದೂರದ ಬೆಟ್ಟ ನುಣ್ಣಗೆ’. ಕೆಳಗೆ: ಉಚ್ಚಂಗಮ್ಮ, ಕ್ಯಾಂಟೀನ್, ಜುಲೈ 1984, ಅಳಿಯನ ನೌಕರಿ ಬಗ್ಗೆ ಹೇಳಿದ್ದು.
ಇಂಥ ಹೆಸರು 112. ಗಾದೆಗೆ ಕರ್ತೃ ಉಂಟೆ? ಕೆಂಪು ಪೆನ್ಸಿಲಿನಲ್ಲಿ ಪ್ರಶ್ನೆಚಿಹ್ನೆ ಹಾಕಿದೆ.

11 ಆಗಸ್ಟ್
ಎರಡನೇ ಪ್ರೂಫ್. ಹೆಸರು ಒಂದೂ ಇಲ್ಲ! ಆ ಜಾಗಕ್ಕೆಲ್ಲ ಸಂಸ್ಕೃತ ಸುಭಾಷಿತ. ಪುಸ್ತಕ ತರುತ್ತಿರುವ ಸಂಘದ ಅಧ್ಯಕ್ಷ ಹಿರಿಯಣ್ಣನವರ ಕೆಲಸ. ವಿದ್ಯಾನಗರದ ಅವರ ಮನೆಗೇ ಹೋಗಿ ಕೇಳಿದೆ.
“ಅಲ್ಲ ಮಾರಾಯ, ಕವಿಗಳ ಪಕ್ಕ ಕ್ಯಾಂಟೀನಿನವಳೇ? ಗಾದೆ ಅವಳಪ್ಪಂದಾ? ಮೊದ್ಲು ಪ್ರಶ್ನೆ ಹಾಕ್ದೋನು ನೀನೇ.”
ನನ್ನದೇ ಪೆನ್ಸಿಲ್. ಎದ್ದು ಬಂದೆ. ಬಸ್ಸು ಹತ್ತಿದ ಮೇಲೆ ಉತ್ತರ ಹೊಳೆಯಿತು — ಆ ಕವಿಗಳೂ ಯಾರದೋ ಬಾಯಿಂದ ಕೇಳಿಯೇ ಬರೆದದ್ದು. ಹೇಳಿದವರ ಹೆಸರು ಯಾರೂ ಬರೆದಿಡಲಿಲ್ಲ. ಸಾಬರು ಬರೆದಿಟ್ಟರು, ತಾರೀಖಿನ ಸಮೇತ.

16 ಆಗಸ್ಟ್, ಭಾನುವಾರ
ಭದ್ರಾವತಿ. ಸಾಬರಿಗೆ ಹೇಳಿದೆ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.
“ನನ್ನ ಹೆಸರು ಬೇಕಾದ್ರೆ ತೆಗೀರಿ ಪರಮೇಶ್. ಅವರದ್ದಿಲ್ಲ ಅಂದ್ರೆ ಪುಸ್ತಕಾನೇ ಬೇಡ.”
ಅಷ್ಟರಲ್ಲಿ ಪಕ್ಕದ ಮನೆಯಿಂದ ಉಚ್ಚಂಗಮ್ಮ ಬಂದರು. ಹೆಸರು ತೆಗೆದದ್ದು ಅವರಿಗೆ ಗೊತ್ತಿಲ್ಲ.
“ಓದಕ್ ಬರಲ್ಲ ಕಣಪ್ಪ. ನನ್ನ ಹೆಸ್ರು ಎಲ್ಲೈತೆ ಅಂತ ಮೊಮ್ಮಗಳು ತೋರಿಸ್ತಾಳೆ, ಮುಟ್ಟಿ ನೋಡ್ತೀನಿ. ಸಾಬ್ರೆ, ಅಳಿಯನ ಹೆಸ್ರು ಮಾತ್ರ ಹಾಕ್ಬೇಡಿ. ಮೊದ್ಲೇ ಉರ್ಕೊಂಡವ್ನೆ!”
ಸಾಬರು ನಕ್ಕರು. ನನ್ನಿಂದಾಗಲಿಲ್ಲ.

18 ಆಗಸ್ಟ್
ಹಿರಿಯಣ್ಣನವರ ಫೋನ್. “ಗುರುವಾರ ಪ್ರಿಂಟ್. ನೀನು ಕಾಗುಣಿತ ನೋಡು, ಸಾಕು.”
ಸಾಕಂತೆ...

20 ಆಗಸ್ಟ್, ಗುರುವಾರ, ಬೆಳಿಗ್ಗೆ 10 — ಪ್ರೆಸ್ಸಿನಲ್ಲಿ
ಕೊನೇ ಪ್ರೂಫಿಗೆ ನನ್ನ ಸಹಿ ಬೀಳದೆ ಇಲ್ಲಿ ಮೆಷಿನ್ ಓಡುವುದಿಲ್ಲ. ಪಕ್ಕದಲ್ಲಿ ಹೆಸರುಗಳೆಲ್ಲ ಇರುವ ಸಾಬರ ನೋಟ್‌ಬುಕ್. ಅದೇ ಪೆನ್ಸಿಲ್. ಸುಭಾಷಿತ ಹೊಡೆಯುವುದು, ಹೆಸರು ಬರೆಯುವುದು. ಡಿಟಿಪಿಯ ಸಮತಾ ಟೈಪ್ ಮಾಡುತ್ತಿದ್ದಾಳೆ.
“ಸಾರ್, ಹಿರಿಯಣ್ಣೋರು ಒಪ್ಪಿದ್ರಾ?”
“ಇಲ್ಲ. ನೀನು ಟೈಪ್ ಮಾಡು. ಬೈಸ್ಕೊಳ್ಳೋದು ನಾನು.”

11.40
ಎಪ್ಪತ್ತೊಂದು ಹೆಸರು ಆಯಿತು. ಉಚ್ಚಂಗಮ್ಮ ಮತ್ತೆ ಪುಸ್ತಕದೊಳಗಿದ್ದಾರೆ. ಹೊರಗೆ ಸ್ಕೂಟರ್ ನಿಂತ ಸದ್ದು. ಹಿರಿಯಣ್ಣನವರದೇ. ಬರಲಿ.
ಎಪ್ಪತ್ತೆರಡು — ನಾಗಯ್ಯ, ಫರ್ನೇಸ್, 1979, ಕೈ ಸುಟ್ಟುಕೊಂಡ ದಿನ ಹೇಳಿದ್ದು.
ಎಪ್ಪತ್ತಮೂರು —