ನೂರಾ ಹತ್ತರ ಆಚೆ

ಆಗಸ್ಟ್ 11, ಬೆಳಿಗ್ಗೆ 9.00

ಇವತ್ತೂ ನೂರಾ ಹತ್ತೇ.

ನೂರಾ ಹನ್ನೆರಡೂವರೆ ಕೆಜಿ ಹಾಕಿ ಎರಡು ಸಲ ನೋಡಿದೆ. ಬಾರ್ ನೆಲ ಬಿಡುತ್ತದೆ, ಮೊಣಕಾಲಿನ ಹತ್ತಿರ ಬಂದು ನಿಂತುಬಿಡುತ್ತದೆ — ಕೆಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ. ಐದನೇ ವಾರ. ಎರಡು ವರ್ಷದಲ್ಲಿ ನಲವತ್ತು ಕೆಜಿಯಿಂದ ಇಲ್ಲಿಗೆ ಬಂದವಳು. ಹೀಗೆ ನಿಂತದ್ದೇ ಇಲ್ಲ.

ಜಿಮ್‌ನ ವಿರೂಪಾಕ್ಷ ಸರ್ ಕೇಳಿದರು, "ಆಶಾರಾಣಿ, ನಿದ್ದೆ ಎಷ್ಟು ಗಂಟೆ ಮಾಡ್ತಿದ್ದೀರಮ್ಮ?"

"ಏಳು ಸಾರ್."

ಸುಳ್ಳು. ಮನೆಯಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಒಣಗಿಸುವ ಬ್ಯಾರನ್ ಮನೆಗೆ ಬೆಂಕಿ ಹಾಕಿದರೆ ಐದಾರು ದಿನ ಆರುವ ಹಾಗಿಲ್ಲ. ಎರಡು ಗಂಟೆಗೊಮ್ಮೆ ಎದ್ದು ಸೌದೆ ಹಾಕುವವಳು ನಾನು. ಸರ್‌ಗೆ ಹೇಳಿದರೆ ಸೀಸನ್ ಮುಗಿಸಿಕೊಂಡು ಬನ್ನಿ ಅಂದುಬಿಡುತ್ತಾರೆ. ಸೆಪ್ಟೆಂಬರ್ 28ಕ್ಕೆ ಮೈಸೂರಿನಲ್ಲಿ ನೆಲದಿಂದ ಬಾರ್ ಎತ್ತುವ ಡೆಡ್‌ಲಿಫ್ಟ್ ಸ್ಪರ್ಧೆ. ಹೆಸರು ಕೊಟ್ಟಾಗಿದೆ.

ಆಗಸ್ಟ್ 14

ಊಟದ ಹೊತ್ತಿಗೆ ಜಗಳ. ಅತ್ತೆ ಶುರು ಮಾಡಿದ್ದು.

"ಕಬ್ಬಿಣ ಎತ್ತಕ್ಕೆ ಪಿರಿಯಾಪಟ್ನಕ್ಕೆ ಓಗ್ಬೇಕಾ? ಇತ್ಲಲ್ಲಿ ಸೌದೆ ಬಿದ್ದದೆ, ಎತ್ತು."

ನಮ್ಮ ಯಜಮಾನರು ನಕ್ಕರು. ಅತ್ತೆಯ ಮಾತಿಗಿಂತ ಆ ನಗು ಚುಚ್ಚಿತು. ಅಂದುಬಿಟ್ಟೆ: "ಮೈಸೂರಲ್ಲಿ ನೂರಾ ಹನ್ನೆರಡೂವರೆ ಎತ್ತದಿದ್ರೆ ಜಿಮ್ ಬುಟ್ಬುಡ್ತೀನಿ."

"ಕೇಳಿಸ್ಕೊಂಡ್ಯಾ ಮಗ?" ಇವರ ಕಡೆ ತಿರುಗಿ ಅತ್ತೆ.

ಈ ಮನೆಯಲ್ಲಿ ನಾನು ಮಾಡಿದ ಕೆಲಸ ಸಂಜೆಗೆ ಮರೆತುಹೋಗುತ್ತದೆ. ಜಿಮ್‌ನ ಬೋರ್ಡಿನ ಮೇಲೆ ಮಾತ್ರ ನನ್ನ ಹೆಸರು, ಮುಂದೆ 110. ಅದನ್ನು ಅಳಿಸಲು ಬಿಡುವುದಿಲ್ಲ. ಎತ್ತುತ್ತೇನೆ.

ಆಗಸ್ಟ್ 18

ಸರ್ ಬರೆದುಕೊಟ್ಟ ಪಟ್ಟಿಯಲ್ಲಿ ಮೂರು ಸೆಟ್. ಸರ್ ಫೋನಿನಲ್ಲಿದ್ದಾಗ ಇನ್ನೆರಡು ಹೊಡೆದೆ. ನಾಳೆ ರೆಸ್ಟ್ ಡೇ... ಆದರೂ ಹೋಗುತ್ತೇನೆ.

ಆಗಸ್ಟ್ 20

ನೂರಾ ಐದೂ ಏಳಲಿಲ್ಲ. ಅಂಗೈ ಚರ್ಮ ಕಿತ್ತಿದೆ. ಪೆನ್ನು ಹಿಡಿಯಲು ಆಗುತ್ತಿಲ್ಲ.

ಆಗಸ್ಟ್ 25, ಮಧ್ಯಾಹ್ನ 3.00

ಜಿಮ್ ಮುಗಿಸಿ ಬಸ್ ಹತ್ತಿದ್ದಷ್ಟೇ ನೆನಪು. ಕಂಪಲಾಪುರದಲ್ಲಿ ಇಳಿಯಬೇಕು.

"ಏನಕ್ಕ, ಉಣಸೂರ್ ಬಂತು. ಇಳೀರಿ." ಕಂಡಕ್ಟರ್.

ನಮ್ಮೂರು ಯಾವಾಗ ದಾಟಿತೋ ಗೊತ್ತಿಲ್ಲ. ವಾಪಸ್ ಬಸ್ ಹತ್ತುವ ಶಕ್ತಿ ಇರಲಿಲ್ಲ. ನಿಲ್ದಾಣದಲ್ಲಿ ಕೂತು ಇವರಿಗೆ ಫೋನ್ ಮಾಡಿದೆ. ಬೈಕಿನಲ್ಲಿ ಬಂದರು. ಬೈಯುತ್ತಾರೆ ಅಂದುಕೊಂಡಿದ್ದೆ. ನನ್ನ ಮುಖವನ್ನು ಬಗ್ಗಿ ನೋಡಿದರು.

"ಎಷ್ಟೊತ್ತು ಮಲಗ್ತೀಯ ನೀನು?"

"ಬ್ಯಾರನ್ ಉರಿಯೋವಾಗ ಮೂರು ಗಂಟೆ. ನಿಮಗೆ ಗೊತ್ತಿಲ್ವಾ?"

ಬೈಕಿನ ಕೀ ತಿರುಗಿಸುತ್ತಾ ನಿಂತರು. "ಗಟ್ಟಿಗಿತ್ತಿ, ನಿಂಗೇನೂ ಆಗಲ್ಲ ಅನ್ಕಂಡಿದ್ದೆ ಕಣೇ."

"ಗಟ್ಟಿಗಿತ್ತೀನೇ ಕಣ್ರೀ. ಹಂಗಂತ ನಿದ್ದೆ ಬೇಡ್ವಾ?"

ಅಳು ಬಂತು. ಬಸ್ ಸ್ಟ್ಯಾಂಡಿನಲ್ಲಿ, ಎಲ್ಲರ ಎದುರಿಗೆ. ಇವರು ಟೀ ತಂದುಕೊಟ್ಟು ಪಕ್ಕದಲ್ಲಿ ಕೂತರು.

ಆಗಸ್ಟ್ 26, ಗೌರಿ ಹಬ್ಬ

ಸರ್‌ಗೆ ಫೋನ್ ಮಾಡಿ ನಿಜ ಹೇಳಿದೆ. ಕದ್ದು ಮಾಡಿದ ಸೆಟ್‌ಗಳನ್ನೂ. ಎಲ್ಲ ಕೇಳಿಸಿಕೊಂಡರು. ಆಮೇಲೆ — "ಹತ್ತು ದಿನ ಎಪ್ಪತ್ತೈದರ ಮೇಲೆ ಮುಟ್ಟಂಗಿಲ್ಲ. ಮಲಗೋದನ್ನೂ ಪಟ್ಟಿಗೆ ಸೇರಿಸ್ಕೊಳ್ಳಿ."

ರಾತ್ರಿ ಬ್ಯಾರನ್ ಇವರದು. ಬೆಳಗಿನ ಜಾವದ್ದನ್ನು ಯಾರೂ ಕೇಳದಿದ್ದರೂ ಅತ್ತೆ ಒಪ್ಪಿಕೊಂಡರು.

"ನಾಕ್ ಗಂಟೆಗೆಲ್ಲ ನಂಗೆ ಎಚ್ರ ಆಯ್ತದೆ. ಸುಮ್ಕೆ ಒಳ್ಳಾಡೋ ಬದ್ಲು ಬೆಂಕಿ ನೋಡ್ಕತೀನಿ ಬುಡು." ಎರಡು ಹೆಜ್ಜೆ ಹೋಗಿ ತಿರುಗಿದರು. "ಆದ್ರೆ ಜಿಮ್ ಬುಡ್ತೀನಿ ಅಂದಿದ್ ಮಾತು ಮರ್ತಿಲ್ಲ ಕಣವ್ವ."

ಸೆಪ್ಟೆಂಬರ್ 3

ಎಪ್ಪತ್ತೈದು. ಹೋದ ವರ್ಷದ ತೂಕ ಅದು. ಕನ್ನಡಿ ಕಡೆ ತಿರುಗದೆ ಎತ್ತಿ ಇಟ್ಟೆ.

ಆದರೆ ರಾತ್ರಿ ಏಳು ಗಂಟೆ ನಿದ್ದೆ. ಎದ್ದಾಗ ಹಸಿವು! ನಾಲ್ಕು ರೊಟ್ಟಿ, ಹುರುಳಿಕಾಳು ಪಲ್ಯ. ಅತ್ತೆ ಕೇಳದೆ ಐದನೆಯದನ್ನೂ ಹಾಕಿದರು.

ಸೆಪ್ಟೆಂಬರ್ 15

ನೂರು — ಐದು ಸಲ! ಇನ್ನೂ ಉಳಿದಿತ್ತು ಮೈಯಲ್ಲಿ. ನೂರಾ ಹತ್ತು ನೋಡಲಾ ಅಂತ ಸರ್‌ನ ಕೇಳಿದೆ. "ಬೇಡ. ಮೈಸೂರಿಗೆ ಇಟ್ಕೊಳ್ಳಿ."

ಮನೆಗೆ ಬಂದರೆ ಬ್ಯಾರನ್ ಮುಂದೆ ಇವರು ಕೂತಲ್ಲೇ ನಿದ್ದೆ, ಬಾಯಿ ತೆರೆದುಕೊಂಡು. ಎಬ್ಬಿಸಲಿಲ್ಲ. ನಗುವೂ ಬಂತು, ಪಾಪ ಅಂತಲೂ ಅನ್ನಿಸಿತು.

ಸೆಪ್ಟೆಂಬರ್ 28, ಮೈಸೂರು, ಸಂಜೆ 5.00

ಮನೆಗೆ ಹೋಗುವವರೆಗೆ ತಡೆಯಲಾರೆ. ಬರೆದುಬಿಡುತ್ತೇನೆ.

ಮೂರು ಅವಕಾಶ. ಮೊದಲು ನೂರಾ ಐದು — ಸಲೀಸು. ಎರಡನೆಯದು ನೂರಾ ಹನ್ನೆರಡೂವರೆ. ಮೊಣಕಾಲಿನ ಹತ್ತಿರ ನಿಂತಿತು. ಅದೇ ಜಾಗ. ಬಿಟ್ಟೆ.

ಬಂದು ಕುರ್ಚಿಯ ಮೇಲೆ ಕೂತೆ. ಇವರು ನೀರಿನ ಬಾಟಲಿ ಹಿಡಿದು ನಿಂತಿದ್ದರು. ನಾನು ಎತ್ತುವುದನ್ನು ಮೊದಲ ಸಲ ನೋಡುತ್ತಿರುವುದು. "ಅಷ್ಟು ಭಾರಾನಾ ಅದು?" ಅಂದರು, ಮೆತ್ತಗೆ.

ಸರ್ ಬಗ್ಗಿ ಹೇಳಿದರು, "ಭಯಕ್ಕೆ ಎಳೆದ್ರಿ ನೀವು. ಎಳೀಬೇಡಿ. ಕಾಲಲ್ಲಿ ನೆಲ ತುಳೀರಿ. ಬಾರ್ ನಿಂತಾಗ ಬಿಡಬೇಡಿ, ಅಷ್ಟೆ."

ಮೂರನೆಯದು. ಅದೇ ತೂಕ. ತುಳಿದೆ. ಬಾರ್ ಮೊಣಕಾಲಿಗೆ ಬಂತು, ನಿಂತಿತು. ಬಿಡಲಿಲ್ಲ. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ತುಳಿಯುತ್ತಲೇ ಇದ್ದೆ... ಅಲ್ಲಾಡಿತು. ಕೂದಲೆಳೆಯಷ್ಟು. ಆಮೇಲೆ ತೊಡೆ ಮೇಲೆ ಜಾರುತ್ತಾ ಬಂತು — ನೆಟ್ಟಗೆ ನಿಂತಿದ್ದೆ!

ತೀರ್ಪುಗಾರರ ಮೂರು ದೀಪವೂ ಬಿಳಿ. ಪಾಸ್.

ಐದು ಜನರಲ್ಲಿ ನಾಲ್ಕನೆಯವಳು. ಪದಕವಿಲ್ಲ. ಇವರು ಜನರ ನಡುವೆ ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದರು, ಏನೆಂದು ಕೇಳಿಸಲಿಲ್ಲ.

ಸೆಪ್ಟೆಂಬರ್ 30, ಬೆಳಿಗ್ಗೆ 6.10

ಮೊನ್ನೆ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. "ಎತ್ತಿದ್ಯಾ?"

ನಾನು ಬಾಯಿ ಬಿಡುವ ಮೊದಲೇ ಇವರು, "ಎತ್ತಿದ್ಳು ಕಣವ್ವ. ಕಣ್ಣಾರೆ ನೋಡ್ದೆ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸರಿ ಬುಡು. ಇನ್ನೊಂದ್ ಬ್ಯಾರನ್ ಸೊಪ್ಪದೆ. ಬೆಳಗಿನ ಜಾವದ್ ಬೆಂಕಿ ನಂದೇ ಇರ್ಲಿ."

ಸರ್ ಹೊಸ ಪಟ್ಟಿ ಕಳಿಸಿದ್ದಾರೆ. ಮೊದಲ ವಾರ ಎಂಬತ್ತು. ಮತ್ತೆ ಕೆಳಗಿನಿಂದ. ಈ ಸಲ ಸಿಟ್ಟು ಬರಲಿಲ್ಲ. ಡಿಸೆಂಬರ್‌ಗೆ ನೂರಾ ಇಪ್ಪತ್ತು ಅಂತ ಬರೆದಿದ್ದಾರೆ, ಪಕ್ಕದಲ್ಲಿ ಪ್ರಶ್ನೆಚಿಹ್ನೆ. ಆ ಪ್ರಶ್ನೆಚಿಹ್ನೆಯನ್ನು ಹೊಡೆದುಹಾಕಿದೆ.

ಬಸ್ ಹಾರ್ನ್. ಶೂ ಎಲ್ಲಿ ಇಟ್ಟೆ, ಈಗ ತಾನೇ ಇಲ್ಲೇ ಇತ್ತಲ್ಲ!