ಮಾತಾಡಬೇಡ ಎಂದವಳು

ಪುತ್ತೂರು
೧೬-೧೧-೧೯೮೬

ಪ್ರೀತಿಯ ಅಚ್ಚುತಣ್ಣನಿಗೆ,

ತಂಗಿ ಪರಮೇಶ್ವರಿಯ ನಮಸ್ಕಾರ. ಅತ್ತಿಗೆಗೂ ಹೇಳು. ನಿನ್ನ ಎರಡು ಪತ್ರಗಳಿಗೆ ಉತ್ತರ ಬರೆಯದೆ ಕುಳಿತದ್ದಕ್ಕೆ ಚೆನ್ನಾಗಿ ಬೈದುಬಿಡು, ಬೈಸಿಕೊಳ್ಳುವುದಕ್ಕೇ ಬರೆಯುತ್ತಿದ್ದೇನೆ. ಮೂರು ದಿನದಿಂದ ಪುತ್ತೂರಿನಲ್ಲೇ ಇದ್ದೇನೆ. ಮಾತು ತಡವಾದ ಮಕ್ಕಳಿಗಾಗಿ ನಮ್ಮ ಕಾಲೇಜಿನ ವಾಕ್‌ಚಿಕಿತ್ಸಾ ವಿಭಾಗದ ಕ್ಯಾಂಪು. ಮನೆಗೆ ಬರುವ ಸುಳ್ಯದ ಬಸ್ಸು ಲಾಡ್ಜಿನ ಎದುರೇ ನಿಲ್ಲುತ್ತದೆ. ಹತ್ತಲು ಧೈರ್ಯ ಬರಲಿಲ್ಲ ಅಣ್ಣ.

ಅವ್ವ ದೀಪಾವಳಿಯಿಂದ ಹಾಸಿಗೆ ಹಿಡಿದಿದ್ದಾಳೆ, ಗಂಜಿಯೂ ಸೇರುತ್ತಿಲ್ಲ, ಹತ್ತಿರದವರಿಗೆ ತಿಳಿಸಿಬಿಡಿ ಎಂದು ಡಾಕ್ಟರು ಹೇಳಿದರು ಎಂದು ಬರೆದಿದ್ದೀಯ. ಅದರ ಕೆಳಗೆ ಇನ್ನೊಂದು ಸಾಲು. ನಿನ್ನ ಮಗಳು ಲೋಲಾಕ್ಷಿ ತನ್ನ ಶಾಲೆಯ ಗೆಳತಿಗೆ ಅವ್ವನನ್ನು ತೋರಿಸಿ, "ನಮ್ಮ ಅಜ್ಜಿಗೆ ಮಾತು ಬರುದಿಲ್ಲ" ಅಂದಳಂತೆ. ನೀನೇನೋ ಸುದ್ದಿ ಎಂಬಂತೆ ಬರೆದೆ. ನಾನು ಅಂದಿನಿಂದ ಆ ಒಂದು ಸಾಲನ್ನೇ ತಿರುತಿರುಗಿ ಓದುತ್ತಿದ್ದೇನೆ.

ಎಪ್ಪತ್ತೆಂಟರಲ್ಲಿ ನಾನು ಮಾಡಿದ ದರ್ಬಾರು ನೆನಪಿದೆಯಾ? ಮೂರೂವರೆ ತುಂಬಿದರೂ ನಿನ್ನ ಮಗಳು ಬಾಯಿ ಬಿಟ್ಟಿರಲಿಲ್ಲ. ಹೊಸ ಲೆಕ್ಚರರ್ ಗತ್ತಿನಲ್ಲಿ ಬಂದು ತೀರ್ಪು ಕೊಟ್ಟೆ: ಮನೆಯವರದ್ದು ಅರೆಭಾಷೆ, ಕೆಲಸದವರದ್ದು ತುಳು, ನಾಳೆ ಶಾಲೆಯಲ್ಲಿ ಕನ್ನಡ, ಮಗು ತಬ್ಬಿಬ್ಬಾಗಿದೆ, ಇನ್ನು ಅದರ ಕಿವಿಗೆ ಕನ್ನಡ ಒಂದೇ ಬೀಳಬೇಕು. ಆಗ ನಾವು ಓದಿದ್ದೇ ಹಾಗೆ. "ಅತ್ತೆಗೆ ಕನ್ನಡ ಬರುದಿಲ್ಲವಲ್ಲ ಮಾರಾಯ್ತಿ, ಅವರು ಎಂತ ಮಾಡುದು?" ಎಂದು ಅತ್ತಿಗೆ ಕೇಳಿದಳು. ಮಗುವಿನೆದುರು ಸುಮ್ಮನಿರಲಿ ಎಂದೆ. ಎಷ್ಟು ಸುಲಭವಾಗಿ ಅಂದುಬಿಟ್ಟೆ! ಓದಿದ ಮಗಳ ಮಾತೆಂದು ಅವ್ವ ಅಂದೇ ಬಾಯಿಗೆ ಬೀಗ ಹಾಕಿಕೊಂಡಳು. ಮೊಮ್ಮಗಳೋ ಸದಾ ಅವಳ ಸೆರಗು ಹಿಡಿದೇ ಇರುವವಳು. ಹಾಗಾಗಿ ಮಾತಾಡುವ ಹೊತ್ತೇ ಅವ್ವನಿಗೆ ಉಳಿಯಲಿಲ್ಲ. ಬರಬರುತ್ತಾ ನಿಮ್ಮ ಹತ್ತಿರವೂ ಹೂಂ, ಊಹೂಂ ಅಷ್ಟೇ ಆಯಿತು.

ಐದು ವರ್ಷಕ್ಕೆ ಲೋಲಾಕ್ಷಿಗೆ ಮಾತು ಬಂತು. ಊರು ನನ್ನನ್ನು ಹೊಗಳಿತು, ನಾನೂ ಹೊಗಳಿಕೊಂಡೆ. ಇನ್ನು ನೀನೂ ಮಾತಾಡಬಹುದು ಎಂದು ಅವ್ವನಿಗೆ ಮಾತ್ರ ಹೇಳಲಿಲ್ಲ. ಅದನ್ನೇ ಪ್ರಬಂಧ ಮಾಡಿ ಓದಿದೆ, ಬ್ಯಾಚಿನ ಮೇಲೆ ಬ್ಯಾಚಿಗೆ ಅದನ್ನೇ ಪಾಠ ಮಾಡಿದೆ, ರೀಡರ್ ಹುದ್ದೆಗೆ ಏರಿದೆ.

ನನ್ನ ವಿದ್ಯಾರ್ಥಿ ಕೃಷ್ಣಮೋಹನ ಇಲ್ಲೇ ಹತ್ತಿರದ ಸವಣೂರಿನವನು. ಪುತ್ತೂರು, ಸುಳ್ಯ, ಕಡಬದ ಅರುವತ್ತು ಮನೆ ತಿರುಗಿ, ಕ್ಯಾಂಪುಗಳಲ್ಲಿ ನಾನು ಹೇಳುತ್ತಿದ್ದ ಇದೇ ಮಾತನ್ನು ಪಾಲಿಸಿದವರನ್ನೂ ಪಾಲಿಸದವರನ್ನೂ ಹೋಲಿಸಿ ನೋಡಿದ. ಎರಡೂ ಕಡೆಯ ಮಕ್ಕಳು ಮಾತು ಕಲಿತದ್ದು ಹೆಚ್ಚುಕಮ್ಮಿ ಒಂದೇ ಪ್ರಾಯಕ್ಕೆ. "ಮೇಡಂ, ಅಜ್ಜಿಯಂದಿರು ಮಾತಾಡಿದ್ದರಿಂದ ಎಂತದೂ ಹಾಳಾಗಿಲ್ಲ. ನಾನು ಇದನ್ನು ಹೇಗೆ ಬರೆಯುದು?" ಎಂದು ತಲೆ ತಗ್ಗಿಸಿ ನಿಂತ. ಲೋಲಾಕ್ಷಿ ಹೇಗಿದ್ದರೂ ತನ್ನಷ್ಟಕ್ಕೇ ಮಾತು ಕಲಿಯುತ್ತಿದ್ದಳು ಅಣ್ಣ. ಅವ್ವನ ಎಂಟು ವರ್ಷ ಸುಮ್ಮನೆ ಹೋಯಿತು.

ಇವತ್ತು ರಾಮಕುಂಜದ ಅಪ್ಪಿ ಎಂಬ ಮುದುಕಿ ಮೊಮ್ಮಗನನ್ನು ಕರೆತಂದಿದ್ದಳು. ಎರಡು ವರ್ಷದಿಂದ ಇವನ ಹತ್ತಿರ ತುಳುವಿನಲ್ಲಿ ಒಂದು ಶಬ್ದ ಆಡಿಲ್ಲ, ನೀವು ಹೇಳಿದ ಹಾಗೆಯೇ ಇದ್ದೇನೆ ಎಂದು ಹೆಮ್ಮೆಯಿಂದ ಹೇಳಿಕೊಂಡಳು. "ಮಾತಾಡಿ ಅಮ್ಮ, ಈಗಲೇ ಮಾತಾಡಿ" ಎಂದು ಎಲ್ಲರೆದುರು ಅತ್ತುಬಿಟ್ಟೆ. ಅವಳ ಮಗ ಸಿಟ್ಟಿನಿಂದ, "ಹಾಗಾದರೆ ಮೊದಲು ಬೇಡ ಅಂದದ್ದು ಎಂತಕ್ಕೆ?" ಎಂದು ಕೇಳಿದ.

ಸುಳ್ಯದ ಬಸ್ಸಿನ ಕಂಡಕ್ಟರ್ ಅಲಿ ಕುಂಞಿಯ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ, ಸಂಜೆಗೇ ತಲುಪೀತು. ಓದಿದ ಕೂಡಲೇ ಲೋಲಾಕ್ಷಿಯನ್ನು ಅವ್ವನ ಪಕ್ಕ ಕೂರಿಸು. ಇನ್ನು ಮಾತಾಡಬಹುದಂತೆ, ಪರಮೇಶ್ವರಿ ಹೇಳಿದ್ದಾಳೆ ಎಂದು ಅವ್ವನ ಕಿವಿಯಲ್ಲಿ ಹೇಳು. ಆ ಮಗು ಅಜ್ಜಿಯ ಸ್ವರವನ್ನು ಒಂದು ಸಲವಾದರೂ ಕೇಳಲಿ. ನಿನ್ನ ಕಾಲಿಗೆ ಬೀಳುತ್ತೇನೆ. ನಾಳೆ ಮೊದಲ ಬಸ್ಸಿಗೆ ನಾನೂ ಬರುತ್ತೇನೆ.

ಲೋಲಾಕ್ಷಿಗೆ ಅತ್ತೆಯ ಆಶೀರ್ವಾದ. ಚೆನ್ನಾಗಿರಲಿ.

ನಿನ್ನ ತಂಗಿ,
ಪರಮೇಶ್ವರಿ

ತಾ.ಕ.: ಕೃಷ್ಣಮೋಹನ ಆ ಲೆಕ್ಕ ತಂದದ್ದು ಈಗಲ್ಲ ಅಣ್ಣ, ಹೋದ ವರ್ಷ. ಅದಾದ ಮೇಲೆ ರಜೆಗೆ ಬಂದಿದ್ದಾಗ ಅವ್ವ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದು, ಮಗುವಿಗೆ ಮಾತು ಬಂತಲ್ಲ, ಇನ್ನಾದರೂ ಅವಳ ಹತ್ತಿರ ಮಾತಾಡಲೇ ಎಂದು ಕೇಳಿದ್ದಳು. ಪ್ರೊಫೆಸರ್ ಹುದ್ದೆಯ ಸಂದರ್ಶನ ಹತ್ತಿರವಿತ್ತು. ನನ್ನ ಪ್ರಬಂಧ ಸುಳ್ಳಾಗುವುದು ನನಗೆ ಬೇಡವಿತ್ತು. ಇನ್ನೊಂದು ವರ್ಷ ತಾಳು ಎಂದೆ. ಅವ್ವ ತಲೆಯಾಡಿಸಿದಳು. ಆಮೇಲೆ ನನ್ನ ಹತ್ತಿರವೂ ಮಾತಾಡಲಿಲ್ಲ.